ರಂಗವಿಮರ್ಶಕನ ಕಾಯಕ

ನಮ್ಮ ಪತ್ರಿಕೆಗಳಲ್ಲಿ ನಾಟಕಪ್ರಯೋಗಗಳನ್ನು ಕುರಿತು ಪ್ರಕಟವಾಗುವ ಬರವಣಿಗೆಗೆ ಒಂದು ನಿಶ್ಚಿತವಾದ ಕ್ರಮವುಂಟು. ಸಮಾರಂಭವನ್ನು ಉದ್ಘಾಟಿಸಿದವರು ಯಾರು, ಅಧ್ಯಕ್ಷತೆ ವಹಿಸಿದವರು ಯಾರು, ಮುಖ್ಯ ಅತಿಥಿಗಳು ರಂಗಭೂಮಿಯ ಮಹತ್ತ್ವವನ್ನು ಕುರಿತು ಏನು ನುಡಿದರು, ಯಾರು ಯಾರಿಗೆ ಶಾಲು ಹೊದಿಸಿ ಫಲಪುಷ್ಪಗಳನ್ನಿತ್ತರು, ಸ್ವಾಗತಿಸಿದವರಾರು, ವಂದಿಸಿದವರಾರು ಎಂಬುದೆಲ್ಲ ಸಾಂಗವಾಗಿ ಮುಗಿದ ಮೇಲೆ, 'ಅನಂತರ ಪ್ರದರ್ಶಿತವಾದ ನಾಟಕವು ಪ್ರೇಕ್ಷಕರ ಮನಸೂರೆಗೊಂಡಿತು' ಎಂಬ ಒಂದು ವಾಕ್ಯ ಬರುತ್ತದೆ. ಹತ್ತು ನಿಮಿಷದ ಭಾಷಣಕ್ಕೆ ಒಂದು ಪೂರ್ಣ ಕಂಡಿಕೆ. ಎರಡೂವರೆ ಗಂಟೆಯ ನಾಟಕಕ್ಕೆ ಒಂದು ಸಾಲು. ದೀಪ ಬೆಳಗಿಸಿದ ಕೂಡಲೆ ವರದಿಗಾರರು ಊರಿಗೆ ಹೋಗುವ ಬಸ್ಸನ್ನು ಹಿಡಿದರೆಂಬುದನ್ನು ಊಹಿಸಲು ವಾಚಕರಿಗೆ ವಿಶೇಷವಾದ ಪಾಂಡಿತ್ಯವೇನೂ ಬೇಕಿಲ್ಲ.

ಕನ್ನಡದಲ್ಲಿ ನಾಟಕವಿಮರ್ಶೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನಾಟಕಕೃತಿಯನ್ನು, ಎಂದರೆ ಅಚ್ಚಾದ ಪುಸ್ತಕವನ್ನು, ಮುಂದಿಟ್ಟುಕೊಂಡು ಬರೆದ ವಿಮರ್ಶೆ ನಮ್ಮಲ್ಲಿ ಬೇಕಾದಷ್ಟಿದೆ. ಅದರಲ್ಲಿ ಕೆಲವಂತೂ ಯಾವ ಭಾಷೆಯಲ್ಲಿದ್ದರೂ ಗಣ್ಯವೆನಿಸುವಂಥದು. ಆದರೆ ಒಂದು ಊರಿನಲ್ಲಿ, ಒಂದು ರಾತ್ರಿ, ಇಂಥ ನಟರು ಇಂಥ ಪ್ರೇಕ್ಷಕರ ಮುಂದೆ ಆಡಿದ ಆಟವನ್ನು ಕಣ್ಣಿಟ್ಟು ನೋಡಿ, ಕಿವಿಗೊಟ್ಟು ಕೇಳಿ, ಅದು ಎಲ್ಲಿ ಗೆದ್ದಿತು ಎಲ್ಲಿ ಸೋತಿತು ಎಂಬುದನ್ನು ಕಾರಣಸಹಿತವಾಗಿ ಬರೆದಿಡುವವರು ತೀರ ವಿರಳ. ಅದನ್ನೇ ತಮ್ಮ ಉದ್ಯೋಗವನ್ನಾಗಿ ಮಾಡಿಕೊಂಡು ಬದುಕಿದವರು ನನಗೆ ತಿಳಿದಂತೆ ಬೆರಳೆಣಿಕೆಗೂ ಸಾಲರು. ಇದೀಗ ಪತ್ರಿಕೆಗಳ ಪುಟಗಳೇ ಕಡಿಮೆಯಾಗುತ್ತಿರುವ ಕಾಲದಲ್ಲಿ ಆ ಕೆಲವರೂ ಇಲ್ಲವಾಗುತ್ತಿದ್ದಾರೆ. ಇದರಿಂದ ನಮಗಾಗುವ ನಷ್ಟವಾದರೂ ಏನು?

ವಚನಗಳನ್ನು ಓದುತ್ತ ಬಂದ ನನ್ನಂಥವನಿಗೆ ಈ ಪ್ರಶ್ನೆ ಓಲೆಗರಿಯ ನೆನಪನ್ನು ತರುತ್ತದೆ. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ, ಅಟ್ಟಗಳಲ್ಲಿ ಹುಳು ತಿನ್ನುತ್ತಿದ್ದ ಕಟ್ಟುಗಳನ್ನು ಹುಡುಕಿ, ಓದಿ, ಹೋಲಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಓಲೆಯಿತ್ತು, ಆದ್ದರಿಂದ ವಚನ ಉಳಿಯಿತು. ಒಂದು ಕಟ್ಟಿಗೂ ಇನ್ನೊಂದು ಕಟ್ಟಿಗೂ ಭೇದವಿದ್ದಲ್ಲಿ ಪಾಠಾಂತರವನ್ನು ಗುರುತಿಸಿಡುವುದು ಸಂಪಾದಕನ ಧರ್ಮ. ನಾಟಕದ ಪಾಡು ಇದಕ್ಕಿಂತ ಕಠಿಣವಾದುದು. ಅಚ್ಚಾದ ನಾಟಕವು ನಾಟಕದ ಒಂದು ಅಂಶ ಮಾತ್ರ. ಉಳಿದ ಅಂಶ ಪ್ರತಿ ರಾತ್ರಿ ಹುಟ್ಟಿ ಅದೇ ರಾತ್ರಿ ಅಳಿಯುತ್ತದೆ. ಪ್ರತಿಯೊಂದು ಪ್ರಯೋಗವೂ ಒಂದೊಂದು ಪಾಠಾಂತರವೇ ಸರಿ. ಅದನ್ನು ಬರೆದುಕೊಳ್ಳುವ ಓಲೆ ಯಾವುದು? ನೋಡಿದವನೊಬ್ಬನು ಬರೆದ ವಿಮರ್ಶೆಯಲ್ಲದೆ ಬೇರೊಂದಿಲ್ಲವೆಂಬುದೇ ನನ್ನ ವಾದ. ವಿಮರ್ಶಕನು ತೀರ್ಪುಗಾರನೆಂಬ ಮಾತನ್ನು ನಾವು ಬಹಳವಾಗಿ ಕೇಳಿದ್ದೇವೆ. ತೀರ್ಪು ಅವನ ಎರಡನೆಯ ಕೆಲಸ. ಮೊದಲನೆಯದು ಸಾಕ್ಷಿ ನುಡಿಯುವುದು.

ಈ ಸಾಕ್ಷಿಯಿಲ್ಲದೆ ನಾವು ಕಳೆದುಕೊಂಡದ್ದೆಷ್ಟೆಂಬುದಕ್ಕೆ ಗುಬ್ಬಿ ಕಂಪನಿಯೊಂದೇ ಸಾಕು. 1884ರಲ್ಲಿ ಗುಬ್ಬಿಯ ಚನ್ನಬಸವೇಶ್ವರನ ಹೆಸರಿನಲ್ಲಿ ಹುಟ್ಟಿದ ಆ ನಾಟಕ ಸಂಘವು ಗುಬ್ಬಿ ವೀರಣ್ಣನವರ ಕಾಲಕ್ಕೆ ನಾಡಿನ ಗಡಿಗಳನ್ನು ದಾಟಿ ಕೀರ್ತಿ ಪಡೆಯಿತು. 1934ರ 'ಕುರುಕ್ಷೇತ್ರ'ದಲ್ಲಿ ನಿಜವಾದ ಆನೆ ಕುದುರೆಗಳು ರಂಗದ ಮೇಲೆ ಬಂದ ಸಂಗತಿ ಇಂದಿಗೂ ಮನೆಮಾತು. ಆನೆ ಬಂದದ್ದು ನಮಗೆ ಗೊತ್ತು. ಆದರೆ ಹಾಸ್ಯಪಾತ್ರಗಳಲ್ಲಿ ಜನರನ್ನು ನಗಿಸಿದ ವೀರಣ್ಣನವರು ಮಾತನ್ನು ಎಲ್ಲಿ ತಡೆದು ನಿಲ್ಲಿಸುತ್ತಿದ್ದರು, ನಗೆ ಬರುವ ಮುನ್ನ ಎಷ್ಟು ಹೊತ್ತು ಸುಮ್ಮನಿರುತ್ತಿದ್ದರು, ಹಾಡಿನಿಂದ ಮಾತಿಗೆ ಹೇಗೆ ಇಳಿಯುತ್ತಿದ್ದರು? ನೆನಪಿನ ಬರಹಗಳಲ್ಲಿ ವೈಭವವಿದೆ, ಗೌರವವಿದೆ, ಪರದೆಗಳ ವರ್ಣನೆಯಿದೆ. ನಟನೆಯ ವಿವರ ಮಾತ್ರ ಅಪರೂಪ. ಸ್ವತಃ ವೀರಣ್ಣನವರು ತಮ್ಮ ಆತ್ಮಕಥೆಗೆ 'ಕಲೆಯೇ ಕಾಯಕ' ಎಂದು ಹೆಸರಿಟ್ಟರು. ಅವರ ಕಾಯಕವನ್ನು ಕಂಡು ಬರೆಯುವುದನ್ನು ತನ್ನ ಕಾಯಕವೆಂದು ಭಾವಿಸಿದವನೊಬ್ಬನು ಪ್ರತಿ ಕ್ಯಾಂಪಿನಲ್ಲಿಯೂ ಅವರ ಹಿಂದೆ ಇದ್ದಿದ್ದರೆ!

ಇಲ್ಲಿ ಒಂದು ವಿಪರ್ಯಾಸವನ್ನು ಹೇಳದಿರಲಾರೆ. ಕಂಪನಿ ನಾಟಕಗಳನ್ನು ನಾವು 'ವೃತ್ತಿ ರಂಗಭೂಮಿ' ಎಂದೂ, ಉಳಿದುದನ್ನು 'ಹವ್ಯಾಸಿ ರಂಗಭೂಮಿ' ಎಂದೂ ಕರೆಯುತ್ತೇವೆ. 1972ರಲ್ಲಿ ಬೆಂಗಳೂರಿನಲ್ಲಿ ಬಿ. ವಿ. ಕಾರಂತರು 'ಈಡಿಪಸ್', 'ಜೋಕುಮಾರಸ್ವಾಮಿ', 'ಸಂಕ್ರಾಂತಿ'ಗಳನ್ನು ಬಯಲಿನಲ್ಲಿ ಆಡಿಸಿದಂದಿನಿಂದ ಹವ್ಯಾಸಿಗಳ ನಾಟಕಕ್ಕೆ ಬರೆಯುವ ಕೈಗಳು ಕೆಲವಾದರೂ ದೊರೆತವು. ಆ ಕೈಗಳು ಕಾಲೇಜಿನ ಅಧ್ಯಾಪಕರವೋ ಬ್ಯಾಂಕಿನ ನೌಕರರವೋ ಆಗಿದ್ದು, ವಿಮರ್ಶೆ ಅವರಿಗೂ ಹವ್ಯಾಸವೇ ಆಗಿತ್ತು. ವೃತ್ತಿ ರಂಗಭೂಮಿಗಾದರೋ ಆ ಭಾಗ್ಯವೂ ಇಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಹಲವು ಕಂಪನಿಗಳು ಒಂದರ ಮಗ್ಗುಲಲ್ಲಿ ಒಂದು ಥೇಟರು ಹಾಕಿ, ತಿಂಗಳುಗಟ್ಟಲೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಆಟಗಳನ್ನು ಆಡುತ್ತವೆ. ಅಲ್ಲಿ ದ್ವಂದ್ವಾರ್ಥದ ಮಾತುಗಳು ಹೆಚ್ಚಿದವೆಂದು ನಾವು ದೂರದಲ್ಲಿ ಕುಳಿತು ಮೂಗು ಮುರಿಯುತ್ತೇವೆಯೇ ಹೊರತು, ಟಿಕೆಟು ಕೊಂಡು ಒಳಗೆ ಕುಳಿತು, ಯಾವ ಕಂಪನಿಯ ಯಾವ ನಟಿ ಆ ಮಾತುಗಳ ನಡುವೆಯೂ ಪಾತ್ರದ ಮರ್ಯಾದೆಯನ್ನು ಕಾಯ್ದುಕೊಂಡಳೆಂಬುದನ್ನು ಬರೆಯುವುದಿಲ್ಲ. ನಿಂದಿಸುವುದಕ್ಕಾದರೂ ನೋಡಬೇಕಷ್ಟೆ.

ನೋಡಿ ಲೆಕ್ಕವಿಡುವ ಪದ್ಧತಿ ನಮಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರದ 27ನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು ಕುರಿತದ್ದು. ಆದ್ಯ ರಂಗಾಚಾರ್ಯರ ದಯೆಯಿಂದ ಇದನ್ನು ಸಂಸ್ಕೃತ ಬಾರದವರೂ ಕನ್ನಡದಲ್ಲಿಯೇ ಓದಬಹುದು. ಪ್ರೇಕ್ಷಕರ ಮುಗುಳ್ನಗೆ, ಗಟ್ಟಿನಗೆ, ಮೆಚ್ಚುಗೆಯ ಉದ್ಗಾರ, ರೋಮಾಂಚನ, ಪೀಠದಿಂದೇಳುವುದು, ಬಟ್ಟೆಯನ್ನು ಎಸೆಯುವುದು ಇವೆಲ್ಲ ಮಾನುಷಸಿದ್ಧಿಯ ಲಕ್ಷಣಗಳು. ಸಭೆಯಲ್ಲಿ ಸದ್ದಿಲ್ಲದೆ, ಕದಲಿಕೆಯಿಲ್ಲದೆ, ಉತ್ಪಾತಗಳಿಲ್ಲದೆ ಪ್ರಯೋಗವು ತುಂಬಿ ನಿಂತರೆ ಅದು ದೈವಿಕಸಿದ್ಧಿ. ಅಂತೆಯೇ 'ಘಾತ'ಗಳ ಪಟ್ಟಿಯೂ ಉಂಟು: ಗಾಳಿ, ಮಳೆ, ಬೆಂಕಿಗಳಿಂದ ಬಂದ ವಿಘ್ನ ಒಂದು ಬಗೆ, ಎದುರಾಳಿಗಳು ಕೂಗಿ, ಸೆಗಣಿ ಮಣ್ಣುಹೆಂಟೆಗಳನ್ನೆಸೆದು ಮಾಡಿದ ವಿಘ್ನ ಇನ್ನೊಂದು, ನಟನು ತಾನೇ ಮಾತು ಮರೆತು, ಕಿರೀಟ ಬೀಳಿಸಿಕೊಂಡು ಮಾಡಿದ ವಿಘ್ನ ಮತ್ತೊಂದು. ಇವನ್ನು ಎಣಿಸಿ ತೂಗುವವರು ಪ್ರಾಶ್ನಿಕರು. ಯಜ್ಞವನ್ನು ಬಲ್ಲವನು, ನರ್ತಕ, ಛಂದಸ್ಸನ್ನು ಬಲ್ಲವನು, ವ್ಯಾಕರಣ ಬಲ್ಲವನು, ಅರಸ, ಬಿಲ್ಲುಗಾರ, ಚಿತ್ರಕಾರ, ವೇಶ್ಯೆ, ಗಾಯಕ, ರಾಜಸೇವಕ ಎಂಬ ಹತ್ತು ಮಂದಿ. ರಂಗದ ಮೇಲೆ ಬಾಣ ಹೂಡಿದ ರೀತಿ ಸರಿಯೇ ಎಂದು ಹೇಳಬೇಕಾದವನು ಬಿಲ್ಲುಗಾರನೇ ಹೊರತು ವೈಯಾಕರಣನಲ್ಲ. ಎಲ್ಲ ಗುಣಗಳೂ ಒಬ್ಬನೇ ಪ್ರೇಕ್ಷಕನಲ್ಲಿ ಇರಲಾರವು, ತಿಳಿಯಬೇಕಾದುದು ಅಪಾರವಾದುದು ಎಂಬ ವಿವೇಕವನ್ನೂ ಮುನಿಯು ಅಲ್ಲಿಯೇ ಹೇಳಿದ್ದಾನೆ. ಪಂಡಿತರೂ ಗಣಿಕೆಯೂ ಸಮಾನವಾಗಿ ಕುಳಿತು ತೂಗುವ ಈ ಸಭೆಯನ್ನು ಕುರಿತು ಯೋಚಿಸಿದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಇಂದಿನ ವಿಮರ್ಶಕನು ಈ ಹತ್ತು ಮಂದಿಯ ಕೆಲಸವನ್ನು ಒಬ್ಬನೇ ಮಾಡಬೇಕಾಗಿದೆ. ಅದಕ್ಕೆ ತಕ್ಕ ಅಭ್ಯಾಸವಿಲ್ಲದೆ ಲೇಖನಿ ಹಿಡಿಯಬಾರದು.

ಅಭ್ಯಾಸವೆಂದರೆ ಎಂತಹುದು ಎಂಬುದಕ್ಕೆ ನನ್ನ ಕ್ಷೇತ್ರದಿಂದಲೇ ಒಂದು ಉದಾಹರಣೆ. ಶರಣರನ್ನು ಕುರಿತ ನಾಟಕಗಳಲ್ಲಿ ವಚನಗಳು ಬಂದೇ ಬರುತ್ತವೆ. ವಚನವು ಹೆಸರೇ ಹೇಳುವಂತೆ ಮಾತು. ಒಬ್ಬರು ಇನ್ನೊಬ್ಬರಿಗೆ, ಅಥವಾ ತಮಗೆ ತಾವೇ, ಅಥವಾ ಇಷ್ಟದೈವಕ್ಕೆ ಎದುರು ನಿಂತು ಆಡಿದ ಮಾತು. ಕಂಪನಿಯ ರಂಗದಲ್ಲಿ ಅದು ಪೇಟಿಯ ಜೊತೆಗೆ ಹಾಡಾಯಿತು. ಬಿಜ್ಜಳನಿಗೂ ಬಸವಣ್ಣನವರಿಗೂ ವಾದ ತಾರಕಕ್ಕೇರಿದಾಗ ಬಸವಣ್ಣನ ಪಾತ್ರಧಾರಿ ತಟ್ಟನೆ ಪ್ರೇಕ್ಷಕರ ಕಡೆಗೆ ತಿರುಗಿ, ಕೈ ಮುಗಿದು, ಕಣ್ಣು ಮುಚ್ಚಿ ಹಾಡತೊಡಗುತ್ತಾನೆ. ಬಿಜ್ಜಳನು ಪಾಪ, ಅಷ್ಟು ಹೊತ್ತೂ ಕತ್ತಿಯ ಹಿಡಿಯ ಮೇಲೆ ಕೈಯಿಟ್ಟು ನಿಂತಿರಬೇಕು. ಹಾಡು ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ, 'ವನ್ಸ್ ಮೋರ್' ಕೂಗು ಏಳುತ್ತದೆ, ಹಾಡು ಮತ್ತೆ ಮೊದಲಾಗುತ್ತದೆ. ಆ ವೇಳೆಗೆ ವಾದವು ಆರಿಹೋಗಿರುತ್ತದೆ. ಹಾಡಬಾರದೆಂದು ನಾನು ಹೇಳುತ್ತಿಲ್ಲ. ಏಣಗಿ ಬಾಳಪ್ಪನವರಂಥವರು 'ಜಗಜ್ಯೋತಿ ಬಸವೇಶ್ವರ'ದ ಮೂಲಕ ಅಕ್ಷರ ಬಾರದ ಜನರ ಕಿವಿಗೂ ವಚನವನ್ನು ಮುಟ್ಟಿಸಿದ್ದು ಹಾಡಿನ ಬಲದಿಂದಲೇ. ಆದರೆ ಯಾವ ವಚನವು ಹಾಡಾದಾಗ ಬೆಳೆಯಿತು, ಯಾವುದು ಎದುರಾಳಿಯ ಮುಖ ನೋಡಿ ಆಡಿದ್ದರೆ ಮೈ ನಡುಗಿಸುತ್ತಿತ್ತು ಎಂಬುದನ್ನು ರಾತ್ರಿಯ ಪ್ರಯೋಗದಿಂದ ಎತ್ತಿ ತೋರಿಸಬಲ್ಲವನು ವಚನವನ್ನೂ ಬಲ್ಲ, ರಂಗವನ್ನೂ ಬಲ್ಲ ವಿಮರ್ಶಕನು ಮಾತ್ರ. ಅಂಥ ಹತ್ತು ಟಿಪ್ಪಣಿಗಳು ಐವತ್ತು ವರ್ಷಗಳ ಹಿಂದೆ ಅಚ್ಚಾಗಿದ್ದರೆ ಇಂದಿನ ನಿರ್ದೇಶಕನು ಮೊದಲಿನಿಂದ ತಡಕಾಡಬೇಕಾಗುತ್ತಿರಲಿಲ್ಲ.

ವಿಮರ್ಶೆಯಿಂದ ನಾಟಕ ಗೆಲ್ಲುವುದೇ, ಸೋಲುವುದೇ ಎಂದು ಕೇಳುವವರುಂಟು. ಇಂಗ್ಲೆಂಡಿನ ಒಂದು ಪ್ರಸಂಗ ಇದಕ್ಕೆ ಉತ್ತರವಾದೀತು. 1958ರ ಮೇ ತಿಂಗಳಿನಲ್ಲಿ ಹೆರಾಲ್ಡ್ ಪಿಂಟರ್ ಎಂಬ ಹೊಸ ನಾಟಕಕಾರನ 'ದಿ ಬರ್ತ್‌ಡೇ ಪಾರ್ಟಿ' ಲಂಡನ್ನಿನಲ್ಲಿ ಎಂಟು ಆಟಗಳಿಗೆ ನಿಂತುಹೋಯಿತು. ದಿನಪತ್ರಿಕೆಗಳ ವಿಮರ್ಶಕರು ಅದನ್ನು ಅರ್ಥವಿಲ್ಲದ್ದೆಂದು ತಳ್ಳಿಹಾಕಿದ್ದರು. ಸಂಡೇ ಟೈಮ್ಸಿನ ಹೆರಾಲ್ಡ್ ಹಾಬ್ಸನ್ ಎಂಬ ವಿಮರ್ಶಕನು ಬಹುಮಟ್ಟಿಗೆ ಖಾಲಿಯಾಗಿದ್ದ ಸಭಾಂಗಣದಲ್ಲಿ ಅದನ್ನು ನೋಡಿ, ತನ್ನ ಮನಸ್ಸಿಗೆ ಕಂಡದ್ದನ್ನು ನಿರ್ಭಯವಾಗಿ ಬರೆದನು. ಆ ಬರಹ ಭಾನುವಾರ ಅಚ್ಚಾಗಿ ಬರುವ ಹೊತ್ತಿಗೆ ನಾಟಕವು ಮುಚ್ಚಿಹೋಗಿತ್ತು; ಅದರಿಂದ ಒಂದು ಟಿಕೆಟೂ ಮಾರಾಟವಾಗಲಿಲ್ಲ. ಆದರೂ ಆ ನಾಟಕ ಮತ್ತೆ ಎದ್ದು ನಿಂತಿತು. 2005ರಲ್ಲಿ ಪಿಂಟರನಿಗೆ ನೊಬೆಲ್ ಪ್ರಶಸ್ತಿ ಬಂದಾಗ ಜನ ಆ ಭಾನುವಾರದ ಬರಹವನ್ನು ನೆನೆದರು. ಗಲ್ಲಾಪೆಟ್ಟಿಗೆಗೆ ನಿರುಪಯುಕ್ತವಾದ ಆ ಲೇಖನಕ್ಕಿಂತ ಉಪಯುಕ್ತವಾದ ರಂಗವಿಮರ್ಶೆ ಯಾವುದಿದೆ? ಹಾಗೆ ಬರೆಯಲು ಆತನಿಗೆ ಸಾಧ್ಯವಾದದ್ದು, ವಾರವಾರವೂ ನಾಟಕ ನೋಡುವುದೇ ಆತನ ಉದ್ಯೋಗವಾಗಿದ್ದುದರಿಂದ ಎಂಬುದನ್ನು ಮರೆಯಬಾರದು. ನೂರು ಆಟಗಳನ್ನು ನೋಡಿದವನಿಗೆ ಮಾತ್ರ ನೂರೊಂದನೆಯದರ ಹೊಸತನ ಕಾಣುತ್ತದೆ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಬಸವಣ್ಣನವರನ್ನೂ ಕಲ್ಯಾಣವನ್ನೂ ಕುರಿತು ಕನ್ನಡದಲ್ಲಿ ಬಂದಷ್ಟು ನಾಟಕಗಳು ಇನ್ನಾವ ಚಾರಿತ್ರಿಕ ವಸ್ತುವನ್ನು ಕುರಿತು ಬಂದಿವೆಯೋ ನಾನರಿಯೆ. ಲಂಕೇಶರ 'ಸಂಕ್ರಾಂತಿ', ಶಿವಪ್ರಕಾಶರ 'ಮಹಾಚೈತ್ರ', ಕಾರ್ನಾಡರ 'ತಲೆದಂಡ'ಗಳು ಒಂದು ಕಡೆಗಾದರೆ, ಜಯಂತಿ ಜಾತ್ರೆಗಳಲ್ಲಿ ಭಕ್ತಿಯಿಂದ ಆಡುವ ಅಸಂಖ್ಯ ನಾಟಕಗಳು ಇನ್ನೊಂದು ಕಡೆ. ಮೊದಲನೆಯವು ಬಂದಾಗ ನಾವು ವಿವಾದ ಮಾಡಿದೆವು. 'ಮಹಾಚೈತ್ರ' ಪಠ್ಯವಾಗಿದ್ದಾಗ 1990ರ ದಶಕದಲ್ಲಿ ಎದ್ದ ಕೋಲಾಹಲ ಹಲವರಿಗೆ ನೆನಪಿರಬಹುದು. ಆಗ ನಾನು ಓದಿದ ಲೇಖನಗಳಲ್ಲಿ ಅಚ್ಚಾದ ಪುಟಗಳ ಚರ್ಚೆಯೇ ತುಂಬಿತ್ತು. ರಂಗದ ಮೇಲೆ ಅದು ಹೇಗೆ ಕಂಡಿತೆಂಬ ಮಾತು ಕಾಣಲಿಲ್ಲ. ಎರಡನೆಯ ಬಗೆಯವು ಬಂದಾಗ ನಾವು ಕೈ ಮುಗಿದೆವು. ಪಾತ್ರಕ್ಕೆ ಸಲ್ಲಬೇಕಾದ ಭಕ್ತಿಯನ್ನು ಪಾತ್ರಧಾರಿಗೆ ಸಲ್ಲಿಸಿದೆವು. ಎರಡರಲ್ಲಿಯೂ ನಾಟಕವನ್ನು ನಾಟಕವೆಂದು ನೋಡಲಿಲ್ಲ.

ಇತರರನ್ನು ದೂರುವ ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 1988ರಲ್ಲಿ, ನಾನಾಗ ಒಂದು ತಾಲೂಕಿನ ಊರಿನಲ್ಲಿ ಶಿಕ್ಷಕನಾಗಿದ್ದೆ, ಬಸವ ಜಯಂತಿಗೆ ಊರಿನ ಹವ್ಯಾಸಿ ತಂಡವೊಂದು ನಾಟಕವಾಡಿತು. ಬಸವಣ್ಣನ ಪಾತ್ರವನ್ನು ಮಾಡಿದವರು ಕಿರಾಣಿ ಅಂಗಡಿಯ ಒಬ್ಬ ಸಜ್ಜನರು. ಸ್ಥಳೀಯ ವಾರಪತ್ರಿಕೆಗೆ ನಾನು ಅದರ ವಿಮರ್ಶೆಯನ್ನು ಬರೆದುಕೊಡಬೇಕಾಗಿತ್ತು. ಸಮಿತಿಯಲ್ಲಿದ್ದವರಲ್ಲಿ ಅರ್ಧ ಜನ ನನ್ನ ವಿದ್ಯಾರ್ಥಿಗಳ ತಂದೆಯರು, ವಿಷಯವಾದರೋ ಬಸವಣ್ಣನವರದು. 'ಅಮೋಘ ಅಭಿನಯ', 'ಭಾವಪೂರ್ಣ ಸನ್ನಿವೇಶಗಳು', 'ಕಲ್ಯಾಣವೇ ಕಣ್ಣ ಮುಂದೆ ಬಂದಂತಾಯಿತು' ಎಂದು ಒಂದೂವರೆ ಪುಟ ಬರೆದೆ. ವಾರದ ಅನಂತರ ಎಣ್ಣೆ ತರಲು ಅಂಗಡಿಗೆ ಹೋದಾಗ ಅವರು ತಕ್ಕಡಿಯನ್ನು ಕೆಳಗಿಟ್ಟು ಕೇಳಿದರು: "ಮಾಸ್ತರ, ಅವತ್ತ ನೀವು ನಾಟಕಕ್ಕ ಬಂದಿದ್ದಿಲ್ಲೇನ್ರಿ?"

ಬಂದಿದ್ದೆನೆಂದೆ. ಅವರು ನಗಲಿಲ್ಲ. "ಮೂರನೇ ಅಂಕದಾಗ ನಂಗ ಮಾತು ಮರತು ಹೋದ್ವರಿ. ಊರಿಗೆಲ್ಲ ಗೊತ್ತೈತಿ. ನೀವು ನೋಡಿಲ್ಲಂದ್ರ ಯಾರ ನೋಡಿದ್ರು?"

ನಾನು ನೋಡಿದ್ದೆ. ಕಲ್ಯಾಣವನ್ನು ಬಿಟ್ಟು ಹೊರಡುವ ಸನ್ನಿವೇಶದಲ್ಲಿ ಅವರಿಗೊಂದು ದೀರ್ಘವಾದ ಮಾತಿತ್ತು. ಅದು ನೆನಪಿಗೆ ಬಾರದೆ, ಪರದೆಯ ಮರೆಯಿಂದ ಪ್ರಾಂಪ್ಟರನು ಹೇಳಿಕೊಟ್ಟದ್ದು ಕಿವಿಗೆ ಬೀಳದೆ, ಅವರು ಸುಮ್ಮನೆ ನಿಂತರು. ಆಮೇಲೆ ಬೆರಳಿನಿಂದ ಮುದ್ರೆಯುಂಗುರವನ್ನು ನಿಧಾನವಾಗಿ ತೆಗೆದು, ಸಿಂಹಾಸನದ ಮೇಲಿಟ್ಟು, ಒಂದು ಮಾತನ್ನೂ ಆಡದೆ ಹೊರಟುಹೋದರು. ಜಯಂತಿಯ ಆ ಗದ್ದಲದ ಸಭೆ ಕ್ಷಣಕಾಲ ನಿಶ್ಶಬ್ದವಾಯಿತು. ಭರತನು ದೈವಿಕಸಿದ್ಧಿಯೆಂದದ್ದು ಇದನ್ನೇ ಇರಬೇಕು. ಇಡೀ ನಾಟಕದಲ್ಲಿ ನಿಜವಾಗಿ ನಾಟಕವೆನಿಸಿದ್ದು ಆ ಒಂದು ಗಳಿಗೆ. ಘಾತವೆಂದು ಬರೆಯಲು ನನಗೆ ಧೈರ್ಯವಿರಲಿಲ್ಲ. ಸಿದ್ಧಿಯೆಂದು ಬರೆಯಬೇಕಾದರೆ ಮಾತು ಮರೆತದ್ದನ್ನೂ ಹೇಳಬೇಕಾಗುತ್ತಿತ್ತು. ಹೀಗಾಗಿ ಎರಡನ್ನೂ ಬಿಟ್ಟೆ. ಮುಂದಿನ ವರ್ಷ ಅವರು ಆ ಮಾತನ್ನು ಚೆನ್ನಾಗಿ ಬಾಯಿಪಾಠ ಮಾಡಿಕೊಂಡು ಬಂದು, ಒಂದಕ್ಷರ ಬಿಡದೆ ಒಪ್ಪಿಸಿದರು. ಉಂಗುರದ ವಿಷಯ ಯಾರಿಗೂ ನೆನಪಾಗಲಿಲ್ಲ.

ತಮ್ಮವರ ಹೊಗಳಿಕೆಯು ಬಂಗಾರದ್ದಾದರೂ ಶೂಲವೇ ಎಂದು ಕಂಡುಕೊಂಡವರು ಬಸವಣ್ಣನವರು. ಅವರ ಪಾತ್ರವನ್ನು ಧರಿಸಿದವರ ಮೇಲೆ ಆ ಶೂಲವನ್ನೇ ಪ್ರಯೋಗಿಸಿದವನು ನಾನು.

'ವೃತ್ತಿಪರ' ಎಂಬ ವಿಶೇಷಣವನ್ನು ಈಚೆಗೆ ಧಾರಾಳವಾಗಿ ಬಳಸುತ್ತಾರೆ. ಕೂಲಿ ಪಡೆಯುವುದೊಂದೇ ಅದರ ಅರ್ಥವಾದರೆ ಚರ್ಚೆ ಬೇಡ. ಕಾಯಕವೆಂಬುದರಲ್ಲಿ ಕೂಲಿಯೂ ಉಂಟು, ಕೂಲಿಯ ಮಿತಿಯೂ ಉಂಟು. ಆಯ್ದಕ್ಕಿ ಮಾರಯ್ಯನು ಒಂದು ದಿನ ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ರಂಗವಿಮರ್ಶಕನಿಗೆ ಬರುವ ಹೆಚ್ಚಿನ ಅಕ್ಕಿ ಯಾವುದೆಂದರೆ, ಮುಂದಿನ ಸಾಲಿನ ಉಚಿತ ಆಸನ, ನಾಟಕಕ್ಕೆ ಮುಂಚಿನ ಉಪಾಹಾರ, ಮುಗಿದ ಮೇಲೆ ವೇದಿಕೆಗೆ ಕರೆದು ಹೊದಿಸುವ ಶಾಲು, ಮುಂದಿನ ಉತ್ಸವದಲ್ಲಿ ಅತಿಥಿಯ ಸ್ಥಾನ. ಶಾಲು ಹೊದ್ದ ಭುಜದಿಂದ ಕೈ ಸರಾಗವಾಗಿ ಆಡದು. ಆದರೆ ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸೆನ್ನಬೇಕಾದರೆ ಸಲ್ಲತಕ್ಕದ್ದನ್ನು ಮೊದಲು ಸಲ್ಲಿಸಬೇಕು. ಬಸ್ಸಿನ ಖರ್ಚನ್ನೂ ಕೊಡದೆ, ನಾನೂರು ಶಬ್ದಗಳಲ್ಲಿ ಬರೆದು ನಾಳೆ ಬೆಳಿಗ್ಗೆಯೇ ಕಳುಹಿಸಿರೆಂದು ಹೇಳಿ, ಬರಹದಲ್ಲಿ ಆಳವಿಲ್ಲವೆಂದು ದೂರಿದರೆ ಅದು ಯಾವ ನ್ಯಾಯ?

ಮುಂದೇನು? ಆಟವನ್ನೆಲ್ಲ ಯಂತ್ರದಲ್ಲಿ ಚಿತ್ರೀಕರಿಸಿ ಇಡಬಹುದಾದ ಕಾಲದಲ್ಲಿ ಬರೆದಿಡುವ ಸಾಕ್ಷಿ ಏಕೆಂದು ಎಳೆಯರು ಕೇಳುತ್ತಾರೆ. ಚಿತ್ರೀಕರಣ ಬೇಡವೆನ್ನಲಾರೆ, ಆದರೆ ಯಂತ್ರವು ತನ್ನನ್ನು ಎತ್ತ ತಿರುಗಿಸಿದರೆ ಅತ್ತ ಮಾತ್ರ ನೋಡುತ್ತದೆ, ನಿಶ್ಶಬ್ದವಾದ ಸಭೆಯನ್ನು ಅದು ಶಬ್ದವಿಲ್ಲದ ಸಭೆಯೆಂದಷ್ಟೇ ದಾಖಲಿಸುತ್ತದೆ. ಇನ್ನು ಕೈಫೋನಿನಲ್ಲಿ ಆಟ ಮುಗಿಯುವ ಮುನ್ನವೇ ಹರಿದಾಡುವ ಮೆಚ್ಚುಗೆಗಳು ಹಳೆಯ ಕಂಪನಿ ಕರಪತ್ರಗಳ ಮೊಮ್ಮಕ್ಕಳು. 'ಅಭೂತಪೂರ್ವ' ಎಂಬ ಶಬ್ದ ಅಲ್ಲಿಯೂ ಇತ್ತು, ಇಲ್ಲಿಯೂ ಇದೆ.

ದಿನಪತ್ರಿಕೆಗಳು ಮತ್ತೆ ಪುಟಗಳನ್ನು ಕೊಡುವವೆಂಬ ಆಸೆ ನನಗಿಲ್ಲ. ಆದ್ದರಿಂದ ವಿಮರ್ಶಕನು ಆಶ್ರಯಿಸಬೇಕಾದ ನೆಲೆಗಳು ಬೇರೆ. ಕೆ. ವಿ. ಸುಬ್ಬಣ್ಣನವರು ಕಟ್ಟಿದ ಹೆಗ್ಗೋಡಿನಲ್ಲಿ, ಸಂಸ್ಕೃತಿ ಶಿಬಿರದ ಕಾಲದಲ್ಲಿ ಹಿಂದಿನ ರಾತ್ರಿಯ ನಾಟಕವನ್ನು ಮರುದಿನ ಬೆಳಿಗ್ಗೆ ಎಲ್ಲರೂ ಕುಳಿತು ಚರ್ಚಿಸುವ ಪರಿಪಾಠವಿದೆ. ಮಾತಾಡಿದವರಲ್ಲಿ ವಿದ್ವಾಂಸರೂ ಇರುತ್ತಾರೆ, ಆಗತಾನೆ ಮೊದಲ ನಾಟಕ ನೋಡಿದ ಹುಡುಗರೂ ಇರುತ್ತಾರೆ. ಹತ್ತು ಪ್ರಾಶ್ನಿಕರ ಸಭೆಯ ನೆರಳು ಅಲ್ಲಿದೆ. ಸಾಣೇಹಳ್ಳಿಯ ಶಿವಸಂಚಾರವು 1997ರಿಂದ ತನ್ನ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ. ಒಂದೇ ನಾಟಕ ಒಂದೇ ತಂಡದಿಂದ ಹತ್ತಾರು ಊರುಗಳಲ್ಲಿ ಆಡಲ್ಪಡುವುದು ವಿಮರ್ಶಕನಿಗೆ ದೊರೆಯುವ ಅಪೂರ್ವ ಅವಕಾಶ. ಮೊದಲ ಆಟವನ್ನೊಮ್ಮೆ, ಮೂರು ತಿಂಗಳ ಅನಂತರ ಇನ್ನೊಂದು ಊರಿನಲ್ಲಿ ಇನ್ನೊಮ್ಮೆ ನೋಡಿ, ಎರಡು ಪಾಠಗಳನ್ನು ಹೋಲಿಸಿ ಬರೆದರೆ ಅದರಿಂದ ತಂಡಕ್ಕೂ ಪ್ರಯೋಜನ, ಓದುಗನಿಗೂ ಪ್ರಯೋಜನ. ಆ ಬರಹಕ್ಕೆ ಸಂಭಾವನೆ ಕೊಡಬೇಕಾದವರು ತಂಡದವರಲ್ಲ, ಓದುಗರು. ಎಂದರೆ ಓದುಗರ ಚಂದಾದಿಂದ ನಡೆಯುವ ನಮ್ಮಂಥ ಮಾಸಪತ್ರಿಕೆಗಳು. ಬಹುರೂಪಿ ಚೌಡಯ್ಯನಂಥ ವೇಷದ ಕಾಯಕದವನನ್ನೂ ಅನುಭಾವಿಗಳ ಸಾಲಿನಲ್ಲಿ ಕುಳ್ಳಿರಿಸಿಕೊಂಡ ಪರಂಪರೆಯ ಪತ್ರಿಕೆಗಳಿಗೆ ಇದು ಹೊರಗಿನ ಕೆಲಸವೂ ಅಲ್ಲ.

ಸಂಪಾದಕರು ತಿಂಗಳಿಗೆ ಎರಡು ಪುಟಗಳನ್ನು ಬಿಟ್ಟುಕೊಡುವುದಾದರೆ ಬರುವ ಬನದ ಹುಣ್ಣಿಮೆಗೆ ನಾನು ಬನಶಂಕರಿಗೆ ಹೋಗಿ, ಮೂರು ಕಂಪನಿಗಳ ಆಟವನ್ನು ನೋಡಿ ಬರೆದು ಕಳುಹಿಸುವೆನು. ಬಸ್ಸಿನ ಖರ್ಚನ್ನು ಪತ್ರಿಕೆಯಿಂದ ಪಡೆಯುವೆನು. ಟಿಕೆಟನ್ನು ಮಾತ್ರ ಗಲ್ಲೆಯಲ್ಲಿ ಎಲ್ಲರಂತೆ ನಿಂತು ಕೊಳ್ಳುವೆನು. ಯಾರಾದರೂ ಮಾತು ಮರೆತರೆ ಈ ಸಲ ಅದನ್ನೂ ಬರೆಯುವೆನು.